ಸಂತಾನರಾಹಿತ್ಯ: ಅಪವಾದದಿಂದ ಪರೀಕ್ಷೆಯವರೆಗೆ

ಕನ್ನಡದಲ್ಲಿ ‘ಬಂಜೆ’ ಎಂಬ ಶಬ್ದವುಂಟು. ಅದು ಸ್ತ್ರೀಗೆ ಮಾತ್ರ ಸಲ್ಲುವ ಶಬ್ದ. ಪುರುಷನ ಆರೋಗ್ಯವೂ ಪುರುಷತ್ವವೂ ಸರಿಯಾಗಿದ್ದು ವೀರ್ಯದಲ್ಲಿ ವೀರ್ಯಾಣುಗಳು ಮಾತ್ರ ಇಲ್ಲದಿದ್ದರೆ, ಅಂಥವನನ್ನು ಕರೆಯಲು ನಮ್ಮ ಆಡುಮಾತಿನಲ್ಲಿ ಪದವೇ ಇಲ್ಲ. ‘ಷಂಡ’ ಎಂಬುದರ ಅರ್ಥ ಬೇರೆ. ಹೆಸರಿಲ್ಲದ ದೋಷವನ್ನು ಯಾರೂ ಹುಡುಕುವುದಿಲ್ಲ. ಆದುದರಿಂದ ಮಕ್ಕಳಾಗದ ಮನೆಯಲ್ಲಿ ಅಪವಾದವೆಲ್ಲ ಸೊಸೆಯ ತಲೆಗೇ ಬರುವುದು ಬಹುಕಾಲದ ರೂಢಿಯಾಯಿತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರವು ಇಂದು ನಿಸ್ಸಂದಿಗ್ಧವಾಗಿ ಹೇಳುತ್ತದೆ. ನಿರಪರಾಧಿಯಾದ ಸ್ತ್ರೀಯನ್ನು ವರ್ಷಗಟ್ಟಲೆ ನೋಯಿಸುವುದು ಹಿಂಸೆಯೇ ಆಗಿರುವುದರಿಂದ, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಈ ವಿಷಯದ ಇತಿಹಾಸವನ್ನು ಅರಿಯುವುದು ಅವಶ್ಯಕ.

ಬಳ್ಳಾರಿ ಸೀಮೆಯು ಜಿನಧರ್ಮಕ್ಕೆ ಹೊಸದಲ್ಲ. ಹಿಂದೆ ಈ ಜಿಲ್ಲೆಗೇ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಕೋಗಳಿಯ ಬಸದಿಯನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನವು ಹೇಳುತ್ತದೆ. ಹಂಪೆಯ ಗಾಣಗಿತ್ತಿ ಬಸದಿಯನ್ನು ೧೩೮೫ರಲ್ಲಿ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದನು. ಸಿಂದರ ರಾಜಧಾನಿಯಾಗಿದ್ದ ಕುರುಗೋಡು, ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪ, ಕನ್ನಡ ನುಡಿವ ದಿಗಂಬರ ಮನೆತನಗಳೂ ವ್ಯಾಪಾರಾರ್ಥವಾಗಿ ಬಂದು ನೆಲೆಸಿದ ಶ್ವೇತಾಂಬರ ಮನೆತನಗಳೂ ಇರುವ ಬಳ್ಳಾರಿ ನಗರ, ಇವೆಲ್ಲವೂ ನಾನಾ ಧರ್ಮದವರು ಒಬ್ಬರ ಆಚಾರವನ್ನು ಒಬ್ಬರು ಕಂಡು ಬಾಳಿದ ಊರುಗಳು. ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲನ್ನು ಪ್ರತಿಷ್ಠಿಸುವುದು, ಗುಡಿಯಲ್ಲಿ ತೊಟ್ಟಿಲು ಕಟ್ಟುವುದು ಈ ನಾಡಿನಲ್ಲಿ ಸಂತಾನಾಪೇಕ್ಷಿಗಳ ಸಾಮಾನ್ಯ ಹರಕೆಗಳು. ಜೈನ ಗೃಹಿಣಿಯರು ಮಡಿಲಲ್ಲಿ ಮಗುವಿರುವ ಕೂಷ್ಮಾಂಡಿನಿ ಯಕ್ಷಿಗೆ, ಹೊಂಬುಜದ ಪದ್ಮಾವತಿಗೆ ಹರಕೆ ಹೊರುವುದುಂಟು. ಭಕ್ತಿಯನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಪ್ರದಕ್ಷಿಣೆ ಹಾಕುವವಳು, ಉಪವಾಸ ಮಾಡುವವಳು, ಕಡೆಗೆ ಫಲ ಕಾಣದೆ ನಿಂದೆಗೆ ಗುರಿಯಾಗುವವಳು ಸ್ತ್ರೀಯೊಬ್ಬಳೇ ಎಂಬುದು ಗಮನಾರ್ಹ.

ಪ್ರಾಚೀನ ವೈದ್ಯದ ಮಾತು

ನಮ್ಮ ಪ್ರಾಚೀನ ವೈದ್ಯವು ಈ ಪಕ್ಷಪಾತವನ್ನು ಮಾಡಿರಲಿಲ್ಲ. ಚರಕ, ಸುಶ್ರುತರಿಬ್ಬರೂ ಶುಕ್ರದ ದೋಷಗಳನ್ನು ವಿವರವಾಗಿ ವಿಂಗಡಿಸಿದ್ದಾರೆ. ಗರ್ಭವು ನಿಲ್ಲಬೇಕಾದರೆ ಸ್ತ್ರೀಪುರುಷರಿಬ್ಬರ ಬೀಜವೂ ಶುದ್ಧವಾಗಿರಬೇಕೆಂಬುದು ಅವರ ಸಿದ್ಧಾಂತ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ವಾಜೀಕರಣವು ಪುರುಷನನ್ನು ಕುರಿತದ್ದೇ ಆಗಿದೆ.

ಜೈನ ವೈದ್ಯರು ಈ ಶಾಸ್ತ್ರಕ್ಕೆ ಇನ್ನೊಂದು ವಿವೇಕವನ್ನು ಕೂಡಿಸಿದರು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಮಾಂಸವಿಲ್ಲದೆಯೇ ಸಮಗ್ರ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಆ ಗ್ರಂಥದ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು ನೃಪತುಂಗನ ಆಸ್ಥಾನದ ವಿದ್ವಾಂಸರ ಮುಂದೆ ಮಾಂಸೌಷಧವನ್ನು ಖಂಡಿಸಿ ಮಾಡಿದ ವಾದವೆಂದು ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದು, ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸೆಯನ್ನೇ ಬೋಧಿಸಿದನು. ರೋಗಕ್ಕೆ ಔಷಧವನ್ನು ಅರಸುವುದು ಶ್ರಾವಕನಿಗೆ ಉಚಿತ. ಆ ಔಷಧವು ಎಲ್ಲಿಂದ ಬಂದಿತೆಂದು ವಿಚಾರಿಸುವುದೂ ಅಷ್ಟೇ ಉಚಿತ. ಇದು ಆ ಪರಂಪರೆಯ ಸಾರ.

ಅಂತರಾಯ ಕರ್ಮದ ಫಲವಾಗಿ ಸಂತಾನವಿಲ್ಲವೆಂದು ಕೆಲವರು ಕೈಕಟ್ಟಿ ಕುಳಿತುಕೊಳ್ಳುತ್ತಾರೆ. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಅಲ್ಲಗಳೆಯುವುದಿಲ್ಲ. ಜ್ವರಕ್ಕೆ ಕಷಾಯ ಕುಡಿಯುವವನು ಕರ್ಮವನ್ನು ಧಿಕ್ಕರಿಸಿದಂತಾಗದಿದ್ದರೆ, ಪರೀಕ್ಷೆಗೆ ಒಡ್ಡಿಕೊಳ್ಳುವ ಪತಿಯೂ ಧಿಕ್ಕರಿಸಿದಂತಾಗುವುದಿಲ್ಲ.

ದತ್ತು ಮತ್ತು ಧರ್ಮ

ಪುತ್ರನಿಲ್ಲದೆ ಸದ್ಗತಿಯಿಲ್ಲವೆಂಬ ಭಾವನೆಯು ಜೈನದರ್ಶನದ್ದಲ್ಲ. ಜೀವವು ತನ್ನ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ. ಮಗನು ಇಡುವ ಪಿಂಡದಿಂದ ಅದರ ಗತಿ ಬದಲಾಗದು. ಹೀಗಾಗಿ ಜೈನರಲ್ಲಿ ದತ್ತಕವು ಲೌಕಿಕ ವ್ಯವಸ್ಥೆಯೇ ಹೊರತು ಪಾರಲೌಕಿಕ ಅಗತ್ಯವಲ್ಲ. ಇದನ್ನು ನ್ಯಾಯಾಲಯಗಳೂ ಒಪ್ಪಿದವು. ಉತ್ತರ ಭಾರತದ ಅಗರವಾಲ ಜೈನರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ೧೮೭೮ರಲ್ಲಿ ಪ್ರಿವಿ ಕೌನ್ಸಿಲ್, ಪುತ್ರಹೀನಳಾದ ಜೈನ ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತು ಸ್ವೀಕರಿಸಬಹುದೆಂಬ ಆ ಸಮಾಜದ ಆಚಾರವನ್ನು ಎತ್ತಿಹಿಡಿಯಿತು. ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸು ಪ್ರಾಂತದಲ್ಲಿತ್ತು. ಆ ಮದ್ರಾಸು ಹೈಕೋರ್ಟಿನ ೧೯೨೭ರ ಸಂಪುಟದಲ್ಲಿ ವರದಿಯಾದ ತೀರ್ಪೊಂದರಲ್ಲಿ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು, ಜೈನಧರ್ಮವು ಸ್ಮೃತಿಗಳಿಗಿಂತ ಬಹಳ ಹಿಂದಿನ ಸ್ವತಂತ್ರ ಮೂಲವುಳ್ಳದ್ದೆಂದು ಅಭಿಪ್ರಾಯಪಟ್ಟರು. ಇಂದು ೧೯೫೬ರ ದತ್ತಕ ಕಾನೂನು ಜೈನರಿಗೂ ಅನ್ವಯಿಸುತ್ತದೆ. ಪತಿಯು ದತ್ತು ತೆಗೆದುಕೊಳ್ಳಲು ಪತ್ನಿಯ ಸಮ್ಮತಿ ಅದರಲ್ಲಿ ಅವಶ್ಯಕ.

ಇನ್ನೊಂದು ಸಂಗತಿಯೂ ಉಂಟು. ವ್ಯಾಸಭಾರತದಲ್ಲಿ ಪಾಂಡವರು ದೇವತೆಗಳಿಂದ ಹುಟ್ಟಿದವರಾದರೆ, ಜೈನ ಹರಿವಂಶ ಪರಂಪರೆಯಲ್ಲಿ ಅವರು ಪಾಂಡುವಿನ ಔರಸ ಪುತ್ರರೇ. ದಾಂಪತ್ಯದೊಳಗೆ ಮೂರನೆಯವರ ಬೀಜವು ಬರುವುದನ್ನು ಸ್ವದಾರಸಂತೋಷ ವ್ರತದ ಪರಂಪರೆಯು ಸಹಜವಾಗಿ ಒಪ್ಪಲಿಲ್ಲವೆಂಬುದಕ್ಕೆ ಇದು ಸೂಚಕ. ಪತಿಯಲ್ಲಿ ವೀರ್ಯಾಣುಗಳಿಲ್ಲವೆಂದು ತಿಳಿದಾಗ ಬಹುಕಾಲ ವೈದ್ಯರ ಬಳಿಯಿದ್ದ ಮುಖ್ಯ ದಾರಿಯೆಂದರೆ ಅನ್ಯರ ವೀರ್ಯದಾನವೇ. ಆದುದರಿಂದ ಅನೇಕ ಮನೆತನಗಳು ಆ ಮಾತನ್ನೇ ಎತ್ತದೆ ಸುಮ್ಮನಾದವು. ಈ ಗಂಟನ್ನು ಸಡಿಲಿಸಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಕಾಲದ ಸಂಶೋಧನೆ.

ಸೂಕ್ಷ್ಮದರ್ಶಕದಿಂದ ಸೂಜಿಯವರೆಗೆ

ಹಾಲೆಂಡಿನ ಲೇವನ್‌ಹುಕ್ ೧೬೭೭ರಲ್ಲಿ ತಾನೇ ಮಾಡಿದ ಸೂಕ್ಷ್ಮದರ್ಶಕದಿಂದ ವೀರ್ಯಾಣುಗಳನ್ನು ಕಂಡನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಎಡ್ವರ್ಡ್ ಮಾರ್ಟಿನ್ ಎಂಬ ಶಸ್ತ್ರವೈದ್ಯನು ಮುಚ್ಚಿಹೋದ ವೀರ್ಯನಾಳವನ್ನು ಮತ್ತೆ ಜೋಡಿಸುವ ಪ್ರಯತ್ನ ಮಾಡಿದನು. ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಅದೇ ವರ್ಷ ಅಕ್ಟೋಬರ್ ೩ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಪ್ರನಾಳ ಶಿಶು ಜನಿಸಿತಾದರೂ ಅಧಿಕಾರಿಗಳು ನಂಬಲಿಲ್ಲ. ನೊಂದ ಆ ವಿಜ್ಞಾನಿಯು ೧೯೮೧ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ೧೯೮೬ರ ಆಗಸ್ಟ್ ೬ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ತಂಡದ ಯಶಸ್ಸು ದೇಶದ ಮೊದಲನೆಯದೆಂದು ದಾಖಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದಕುಮಾರರು ಮುಖರ್ಜಿಯವರ ಬರಹಗಳನ್ನು ಪರಿಶೀಲಿಸಿ, ಮೊದಲಿಗರೆಂಬ ಗೌರವವು ತಮಗಲ್ಲ, ಮುಖರ್ಜಿಯವರಿಗೇ ಸಲ್ಲಬೇಕೆಂದು ೧೯೯೭ರಲ್ಲಿ ಪ್ರಕಟಪಡಿಸಿದರು. ಸತ್ಯಕ್ಕಾಗಿ ಸ್ವಂತ ಕೀರ್ತಿಯನ್ನು ಬಿಟ್ಟುಕೊಟ್ಟ ಇಂಥ ನಿದರ್ಶನಗಳು ವಿರಳ.

ಪ್ರನಾಳ ಶಿಶುವಿನ ಕ್ರಮದಿಂದ ಪುರುಷದೋಷಕ್ಕೆ ಆದ ಪ್ರಯೋಜನ ಸ್ವಲ್ಪವೇ. ವೃಷಣದ ಬೆನ್ನಿಗೆ ಅಂಟಿಕೊಂಡಿರುವ ‘ಎಪಿಡಿಡೈಮಿಸ್’ ಎಂಬ ನಾಳಸುರುಳಿಯಿಂದ ವೀರ್ಯಾಣುಗಳನ್ನು ತೆಗೆದು ಗರ್ಭ ನಿಲ್ಲಿಸಿದ ವರದಿಯು ೧೯೮೫ರಲ್ಲಿ ಆಸ್ಟ್ರೇಲಿಯದಿಂದ ಬಂದಿತು. ಆದರೆ ಹಾಗೆ ತೆಗೆದ ವೀರ್ಯಾಣುಗಳಿಗೆ ಅಂಡಾಣುವನ್ನು ತಾವಾಗಿ ಭೇದಿಸುವ ಶಕ್ತಿ ಕಡಮೆ. ೧೯೯೨ರಲ್ಲಿ ಬ್ರಸೆಲ್ಸ್ ನಗರದ ಪಲೆರ್ಮೊ, ವಾನ್ ಸ್ಟೀರ್ಟೆಗೆಮ್ ಮೊದಲಾದವರು ಒಂದೇ ಒಂದು ವೀರ್ಯಾಣುವನ್ನು ಕೂದಲಿಗಿಂತ ಸೂಕ್ಷ್ಮವಾದ ಗಾಜಿನ ಸೂಜಿಯಿಂದ ಅಂಡಾಣುವಿನೊಳಕ್ಕೆ ಇಳಿಸಿ ಯಶಸ್ವಿಯಾದರು. ಇದನ್ನೇ ‘ಇಕ್ಸಿ’ ಎನ್ನುತ್ತಾರೆ. ಕೋಟಿಗಟ್ಟಲೆ ವೀರ್ಯಾಣುಗಳು ಬೇಕಾಗಿದ್ದಲ್ಲಿ ಈಗ ಬೆರಳೆಣಿಕೆಯಷ್ಟು ಸಾಕಾದವು. ದೊಡ್ಡ ಶಸ್ತ್ರಕ್ರಿಯೆಯ ಬದಲು ಸೂಜಿಯೇ ಸಾಕೆಂಬ ವಿಚಾರವು ಅನಂತರದ ಎರಡು ಮೂರು ವರ್ಷಗಳಲ್ಲಿ ಬೆಳೆಯಿತು.

ಯಾರಿಗೆ ಯಾವ ಕ್ರಮ

ವೀರ್ಯದಲ್ಲಿ ವೀರ್ಯಾಣುಗಳಿಲ್ಲದಿರುವುದಕ್ಕೆ ಎರಡು ಬಗೆಯ ಕಾರಣಗಳು. ವೃಷಣದಲ್ಲಿ ಅವು ಉತ್ಪತ್ತಿಯಾಗುತ್ತಿದ್ದು ಹೊರಬರುವ ದಾರಿ ಮುಚ್ಚಿರುವುದು ಮೊದಲನೆಯದು. ಹಿಂದಿನ ಸೋಂಕು, ಕ್ಷಯ, ಜನ್ಮತಃ ನಾಳವಿಲ್ಲದಿರುವಿಕೆ, ಸಂತಾನಶಕ್ತಿಹರಣ ಚಿಕಿತ್ಸೆ ಇವು ಇದರ ಮೂಲಗಳು. ಉತ್ಪತ್ತಿಯೇ ಕುಂಠಿತವಾಗಿರುವುದು ಎರಡನೆಯದು.

ದಾರಿ ಮುಚ್ಚಿರುವವರಿಗೆ ‘ಪೀಸಾ’ ಎಂಬ ಕ್ರಮವುಂಟು. ಸ್ಥಳೀಯ ಅರಿವಳಿಕೆ ಕೊಟ್ಟು, ಚರ್ಮವನ್ನು ಕೊಯ್ಯದೆ, ತೆಳುವಾದ ಸೂಜಿಯನ್ನು ಎಪಿಡಿಡೈಮಿಸ್‌ಗೆ ಚುಚ್ಚಿ ದ್ರವವನ್ನು ಹೀರುತ್ತಾರೆ. ಪಕ್ಕದಲ್ಲಿಯೇ ತಜ್ಞರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ವೃಷಣಕ್ಕೇ ಸೂಜಿ ಹಾಕುವ ‘ಟೀಸಾ’ ಉಂಟು. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ನೋವು, ಬಾವು, ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ಸೋಂಕು ಇವು ಸಂಭವನೀಯ ತೊಂದರೆಗಳು. ದಾರಿ ಮುಚ್ಚಿದವರಲ್ಲಿ ಬಹುಮಂದಿಗೆ ಈ ಕ್ರಮಗಳಿಂದ ವೀರ್ಯಾಣುಗಳು ದೊರೆಯುತ್ತವೆ; ಉಳಿದವನ್ನು ದ್ರವಸಾರಜನಕದಲ್ಲಿ ಶೈತ್ಯೀಕರಿಸಿ ಇಡಬಹುದು.

ಉತ್ಪತ್ತಿ ಕುಂಠಿತವಾದವರಿಗೆ ಬರಿಯ ಸೂಜಿ ಅನೇಕ ವೇಳೆ ಸಾಲದು. ನ್ಯೂಯಾರ್ಕಿನ ಡಾ. ಪೀಟರ್ ಶ್ಲೆಗೆಲ್ ೧೯೯೯ರಲ್ಲಿ ಪ್ರಕಟಿಸಿದ ‘ಮೈಕ್ರೋ ಟೀಸೆ’ ಕ್ರಮದಲ್ಲಿ ವೃಷಣವನ್ನು ತೆರೆದು, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದಿಂದ ಆರೋಗ್ಯವಾಗಿ ಕಾಣುವ ನಾಳಿಕೆಗಳನ್ನು ಮಾತ್ರ ಆರಿಸುತ್ತಾರೆ. ಇದರಲ್ಲಿಯೂ ಫಲ ಕಾಣುವವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಆದುದರಿಂದ ಮೊದಲು ಎರಡು ಬಾರಿ ವೀರ್ಯಪರೀಕ್ಷೆ, ಬಳಿಕ ಹಾರ್ಮೋನುಗಳ ಪರೀಕ್ಷೆ, ಅಗತ್ಯವಿದ್ದರೆ ವಂಶವಾಹಿಗಳ ಪರೀಕ್ಷೆ ಆಗಬೇಕು. ಕೆಲವು ವಂಶವಾಹಿ ದೋಷಗಳಿದ್ದಲ್ಲಿ ಶಸ್ತ್ರಕ್ರಿಯೆ ನಿಷ್ಫಲವೆಂದು ಮುಂಚೆಯೇ ತಿಳಿಯುತ್ತದೆ. ಕೆಲವು ಮಕ್ಕಳಿಗೂ ಇಳಿಯಬಲ್ಲವು. ಶಕ್ತಿವರ್ಧಕವೆಂದು ಟೆಸ್ಟೋಸ್ಟೆರೋನ್ ಚುಚ್ಚುಮದ್ದನ್ನು ತೆಗೆದುಕೊಳ್ಳುವವರಲ್ಲಿ ವೀರ್ಯಾಣುಗಳ ಉತ್ಪತ್ತಿಯೇ ನಿಲ್ಲಬಹುದೆಂಬುದನ್ನು ಯುವಕರು ತಿಳಿದಿರಬೇಕು.

ಶ್ರಾವಕನ ಮುಂದಿರುವ ಪ್ರಶ್ನೆಗಳು

ಈ ಕ್ರಮದಲ್ಲಿ ಬೀಜವು ದಂಪತಿಗಳದ್ದೇ. ಸ್ವದಾರಸಂತೋಷ ವ್ರತಕ್ಕೆ ಭಂಗವಿಲ್ಲವೆಂಬುದರಿಂದ ಮೊದಲ ಸಂಕೋಚವು ತೀರುತ್ತದೆ. ಆದರೆ ವಿಚಾರವು ಅಲ್ಲಿಗೇ ಮುಗಿಯುವುದಿಲ್ಲ.

ಔಷಧದ ಮೂಲವೆಂಬುದು ಒಂದು ಪ್ರಶ್ನೆ. ಅಂಡಾಣುವಿನ ಸುತ್ತಲಿನ ಕೋಶಗಳನ್ನು ಬಿಡಿಸಲು ಬಳಸುವ ‘ಹಯಲ್ಯುರಾನಿಡೇಸ್’ ಎಂಬ ಕಿಣ್ವವನ್ನು ಬಹುಕಾಲ ಪಶುಗಳ ವೃಷಣದಿಂದ ತೆಗೆಯುತ್ತಿದ್ದರು. ಪ್ರಾಣಿಮೂಲವಲ್ಲದ ಬಗೆಯೂ ಈಗ ತಯಾರಾಗುತ್ತಿದೆ. ಯಾವುದನ್ನು ಬಳಸುವರೆಂದು ಕೇಳುವ ಹಕ್ಕು ದಂಪತಿಗಳಿಗುಂಟು. ಉಗ್ರಾದಿತ್ಯಾಚಾರ್ಯರು ಎತ್ತಿದ ಪ್ರಶ್ನೆಯೂ ಇದೇ.

ಹೆಚ್ಚುವರಿ ಭ್ರೂಣಗಳದು ಅದಕ್ಕಿಂತ ಗಹನವಾದ ಪ್ರಶ್ನೆ. ತತ್ತ್ವಾರ್ಥಸೂತ್ರವು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದವೆಂದು ಮೂರಾಗಿ ವಿಂಗಡಿಸಿದೆ. ಗಾಜಿನ ತಟ್ಟೆಯಲ್ಲಿ ರೂಪುಗೊಂಡ ಭ್ರೂಣವನ್ನು ಅಚೇತನವೆಂದು ಎಣಿಸಲು ಶ್ರದ್ಧಾವಂತನಾದ ಶ್ರಾವಕನ ಮನಸ್ಸು ಒಪ್ಪದು. ೨೦೨೧ರ ಸಂತಾನೋತ್ಪತ್ತಿ ತಂತ್ರಜ್ಞಾನ ಕಾನೂನಿನಂತೆ ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಬಳಿಕ ಅವು ನಾಶವಾಗಬೇಕು, ಇಲ್ಲವೆ ಸಮ್ಮತಿಯೊಂದಿಗೆ ಸಂಶೋಧನೆಗೆ ಹೋಗಬೇಕು. ಗೃಹಸ್ಥನಿಗೆ ಆರಂಭಿ ಹಿಂಸೆಯು ಅನಿವಾರ್ಯವಾದರೂ ಸಂಕಲ್ಪೀ ಹಿಂಸೆಯು ಸರ್ವಥಾ ತ್ಯಾಜ್ಯ. ಆದುದರಿಂದ ಬೇಕಾದಷ್ಟೇ ಅಂಡಾಣುಗಳನ್ನು ಫಲಿತಗೊಳಿಸಿ ಉಳಿದ ಅಂಡಾಣುಗಳನ್ನೇ ಶೈತ್ಯೀಕರಿಸಿಡುವಂತೆ ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳುವುದು ವಿವೇಕ. ಇದರಿಂದ ಫಲದ ಸಂಭವವು ಕೆಲಮಟ್ಟಿಗೆ ತಗ್ಗಬಹುದು. ಅದನ್ನು ಅರಿತೇ ಒಪ್ಪಬೇಕು.

ಪತ್ನಿಯ ದೇಹದ ಪ್ರಶ್ನೆಯನ್ನಂತೂ ಮರೆಯಲಾಗದು. ಪತಿಗೆ ಒಂದು ಸೂಜಿಯಲ್ಲಿ ಮುಗಿಯುವ ಚಿಕಿತ್ಸೆಗೆ, ಆರೋಗ್ಯವಂತಳಾದ ಪತ್ನಿಯು ಹಲವು ದಿನ ಹಾರ್ಮೋನು ಚುಚ್ಚುಮದ್ದು ತೆಗೆದುಕೊಂಡು, ಅರಿವಳಿಕೆಯಲ್ಲಿ ಅಂಡಾಣುಗಳನ್ನು ತೆಗೆಸಿಕೊಳ್ಳಬೇಕು. ದೋಷ ಆತನದು, ಶ್ರಮದ ಹೆಚ್ಚಿನ ಪಾಲು ಆಕೆಯದು. ಆದಕಾರಣ ಆಕೆಯ ಸಮ್ಮತಿಯು ಕಾಗದದ ಮೇಲಿನ ರುಜುವಷ್ಟೇ ಆಗಬಾರದು. ಸಾಕೆಂದು ಆಕೆ ಹೇಳಿದ ದಿನ ನಿಲ್ಲಿಸುವ ದೊಡ್ಡತನ ಮನೆಯವರಲ್ಲಿರಬೇಕು.

ಬಸದಿಯ ಹೊಣೆ

ಬಳ್ಳಾರಿಯಲ್ಲಿ ೧೯೬೧ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾಗಿ, ಮುಂದೆ ‘ವಿಮ್ಸ್’ ಎಂದು ಮನೆಮಾತಾಯಿತು. ವೀರ್ಯಪರೀಕ್ಷೆಯು ಸಿರುಗುಪ್ಪ, ಕುರುಗೋಡಿನವರು ಬೆಳಿಗ್ಗೆ ಬಳ್ಳಾರಿಗೆ ಹೋಗಿ ಸಂಜೆಗೆ ಹಿಂದಿರುಗುವುದರೊಳಗೆ ಆಗುವಂಥದು. ಅದಕ್ಕೆ ಸೂಜಿಯೂ ಬೇಡ, ಕತ್ತರಿಯೂ ಬೇಡ. ಹೀಗಿದ್ದರೂ ಪತ್ನಿಗೆ ಹಲವು ಪರೀಕ್ಷೆಗಳೂ ಶಸ್ತ್ರಕ್ರಿಯೆಗಳೂ ಆದ ಮೇಲೆ ಕಡೆಗೆ ಪತಿಯ ಸರದಿ ಬರುವುದು ಇನ್ನೂ ನಿಂತಿಲ್ಲ. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಇಬ್ಬರನ್ನೂ ಏಕಕಾಲಕ್ಕೆ ಪರೀಕ್ಷಿಸಬೇಕೆಂಬುದು ವೈದ್ಯರ ಸರ್ವಸಮ್ಮತ ಮಾತು.

ಜೈನ ಪರಂಪರೆಯು ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನದಲ್ಲಿ ಎಣಿಸಿದೆ. ಬಸದಿಗಳ ಟ್ರಸ್ಟುಗಳು ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ದಂಪತಿಗಳಿಗೆ ಗುಟ್ಟಾಗಿ ಸಲಹೆ ಕೊಡಿಸಬಹುದು. ಬಡ ಶ್ರಾವಕರ ಮೊದಲ ಪರೀಕ್ಷೆಯ ವೆಚ್ಚವನ್ನು ವಹಿಸಬಹುದು. ನೋಂದಣಿಯಿಲ್ಲದ ಕೇಂದ್ರಗಳ ಆಶ್ವಾಸನೆಗೆ ಮರುಳಾಗಿ ಹೊಲ, ಒಡವೆಗಳನ್ನು ಕಳೆದುಕೊಳ್ಳದಂತೆ ಎಚ್ಚರಿಸಬಹುದು. ಯಾವ ಕ್ರಮದಿಂದಲೂ ಫಲ ಸಿಗದವರಿಗೆ ದತ್ತು ಸ್ವೀಕಾರದ ಗೌರವಯುತ ಮಾರ್ಗವು ನಮ್ಮಲ್ಲಿ ಎಂದಿನಿಂದಲೂ ತೆರೆದೇ ಇದೆ; ಮಕ್ಕಳಿಲ್ಲದೆಯೇ ವ್ರತದಾನಗಳಲ್ಲಿ ಜೀವನವನ್ನು ಸಾರ್ಥಕಪಡಿಸಿಕೊಂಡವರಿಗೂ ಧರ್ಮದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ.

ಸಂತಾನವಾಗುವುದು, ಆಗದಿರುವುದು ಮನುಷ್ಯನ ಕೈಯಲ್ಲಿ ಪೂರ್ಣವಾಗಿಲ್ಲ. ಆದರೆ ನಿರಪರಾಧಿಯನ್ನು ನಿಂದಿಸದಿರುವುದು ಪೂರ್ಣವಾಗಿ ಅವನ ಕೈಯಲ್ಲಿದೆ. ಪತಿಯು ತಾನಾಗಿಯೇ ಮೊದಲು ಪರೀಕ್ಷೆಗೆ ಹೋಗುವ ಮನೆಯಲ್ಲಿ ಅಹಿಂಸಾಣುವ್ರತವು ಆಚರಣೆಗೆ ಬಂದಿತೆಂದು ತಿಳಿಯಬಹುದು.