ಹಳೇ ಯೆಜ್ಡಿ, ಆರ್‌ಡಿ 350 ಮಾರಾಟಕ್ಕಿದೆ ಎಂಬ ಫಾರ್ವರ್ಡ್ ಬಂದಿದೆಯೇ? ಹಣ ಕಳಿಸುವ ಮುನ್ನ ಇದನ್ನು ಓದಿ

"ಒರಿಜಿನಲ್ ಯೆಜ್ಡಿ ರೋಡ್‌ಕಿಂಗ್. ಮಿಲಿಟರಿಯವರ ಗಾಡಿ. ಟ್ರಾನ್ಸ್‌ಫರ್ ಆಗಿರುವುದರಿಂದ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಮೊದಲು ಅಡ್ವಾನ್ಸ್ ಹಾಕಿದವರಿಗೆ ಗಾಡಿ." ಈ ಧಾಟಿಯ ಸಂದೇಶಗಳು ನಂಜನಗೂಡು, ತಿ. ನರಸೀಪುರ, ಚಿಕ್ಕಯ್ಯನಛತ್ರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದರೆ ಜನ ಬೇಗ ನಂಬುತ್ತಾರೆ. ಯೆಜ್ಡಿ ನಮ್ಮ ಮೈಸೂರಿನದೇ ಗಾಡಿ, ಅದನ್ನು ಓಡಿಸಿದವರು ಪ್ರತಿ ಊರಲ್ಲೂ ಇದ್ದಾರೆ. ಈ ಅಭಿಮಾನವೇ ಮೋಸಗಾರರ ಬಂಡವಾಳ. ಹಳೇ ಬೈಕುಗಳ ಬಗ್ಗೆ ಹರಿದಾಡುವ ಕೆಲವು ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನಾವಿಲ್ಲಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ

ಜಾವಾ ಎಂಬುದು ಜೆಕ್ ದೇಶದ ಕಂಪನಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮತ್ತು ವಾಂಡರರ್ ಎಂಬ ಬೈಕಿನ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. 1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಈ ಬೈಕುಗಳನ್ನು ತಯಾರಿಸಲು ಶುರುಮಾಡಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹರಿಯಾಣದ ಫರೀದಾಬಾದಿನಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಸಹಯೋಗದಲ್ಲಿ 1983ರಿಂದ ರಾಜದೂತ್ 350 ತಯಾರಿಸಿತು. ಜನ ಅದನ್ನು ಈಗಲೂ ಆರ್‌ಡಿ 350 ಎಂದೇ ಕರೆಯುತ್ತಾರೆ. ಎರಡು ಸಿಲಿಂಡರ್, 347 ಸಿಸಿ. ಆಗಿನ ರಸ್ತೆಗಳಿಗೆ ಅದು ಮಿಂಚಿನ ವೇಗ. ಆದರೆ ಬೆಲೆ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು, ಹಾಗಾಗಿ ಮಾರಾಟ ಕಡಿಮೆ. ಅಂದು ಕಡಿಮೆ ಮಾರಾಟವಾದದ್ದೇ ಇಂದು ಅದು ಅಪರೂಪವಾಗಲು ಒಂದು ಕಾರಣ. 1985ರಲ್ಲಿ ಬಂದ 98 ಸಿಸಿಯ ಆರ್‌ಎಕ್ಸ್ 100 ಮಾತ್ರ ಮನೆಮಾತಾಯಿತು.

ಹೇಳಿಕೆ 1: ಎರಡು ಸೈಲೆನ್ಸರ್ ಇದ್ದರೆ ಅದು ಎರಡು ಸಿಲಿಂಡರ್ ಗಾಡಿ

ತಪ್ಪು. ಮೈಸೂರಿನ ಜಾವಾ 250, ರೋಡ್‌ಕಿಂಗ್‌ಗಳಲ್ಲಿ ಇರುವುದು ಒಂದೇ ಸಿಲಿಂಡರ್. ಆ ಒಂದು ಸಿಲಿಂಡರಿನಿಂದ ಹೊಗೆ ಹೊರಹೋಗಲು ಎರಡು ದಾರಿ, ಅದಕ್ಕೇ ಎರಡು ಸೈಲೆನ್ಸರ್. ಯೆಜ್ಡಿ 350 ಎಂಬ ಎರಡು ಸಿಲಿಂಡರಿನ ಮಾದರಿಯೂ ಇತ್ತು, ಅದು ನಿಜಕ್ಕೂ ಅಪರೂಪ. ಹಾಗಾಗಿ 250ನ್ನೇ 350 ಎಂದು ಹೇಳಿ ಹೆಚ್ಚು ಬೆಲೆ ಕೇಳುವ ಅವಕಾಶ ಇಲ್ಲಿದೆ. ಪರೀಕ್ಷೆ ಸುಲಭ. ಎಂಜಿನ್ ತಲೆಯ ಮೇಲಿನ ಸ್ಪಾರ್ಕ್ ಪ್ಲಗ್ ಎಣಿಸಿ. ಈ ಗಾಡಿಗಳಲ್ಲಿ ಸಿಲಿಂಡರಿಗೆ ಒಂದೇ ಪ್ಲಗ್. ಒಂದು ಪ್ಲಗ್ ಕಂಡರೆ ಒಂದು ಸಿಲಿಂಡರ್, ಎರಡು ಕಂಡರೆ ಎರಡು. ಜೊತೆಗೆ ಆರ್‌ಸಿಯಲ್ಲಿ ಬರೆದಿರುವ ಸಿಸಿ ನೋಡಿ.

ಹೇಳಿಕೆ 2: 15 ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು

ನಮ್ಮ ರಾಜ್ಯದ ಮಟ್ಟಿಗೆ ತಪ್ಪು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದ ಸುದ್ದಿ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಉಳಿದ ಕಡೆ 15 ವರ್ಷ ಮುಗಿದ ಖಾಸಗಿ ಬೈಕನ್ನು ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಫಾರಂ 25 ಕೊಟ್ಟು ನೋಂದಣಿ ನವೀಕರಿಸಬಹುದು. ಅದು 5 ವರ್ಷಕ್ಕೆ ಸಿಗುತ್ತದೆ, ಆಮೇಲೆ ಮತ್ತೆ ನವೀಕರಣ. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. 20 ವರ್ಷ ದಾಟಿದ ಬೈಕುಗಳಿಗೆ 2025ರಲ್ಲಿ ಅದನ್ನು 2,000 ಮಾಡಲಾಯಿತು.

ಈ ಸುಳ್ಳು ಸುದ್ದಿಯಿಂದ ನಷ್ಟ ಆಗುವುದು ಮಾರುವವರಿಗೆ. ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಅಪ್ಪನ ಗಾಡಿಯನ್ನು "ಇದು ಹೇಗೂ ಗುಜರಿ" ಎಂದು ಹೇಳಿ ತೂಕದ ಲೆಕ್ಕದಲ್ಲಿ ಕೊಂಡೊಯ್ದು ಬೇರೆಡೆ ಒಳ್ಳೆಯ ಬೆಲೆಗೆ ಮಾರಬಹುದು.

ಹೇಳಿಕೆ 3: ಈ ರೋಡ್‌ಕಿಂಗ್‌ಗೆ ವಿಂಟೇಜ್ ನಂಬರ್ ಇದೆ, ಎಲ್ಲಿ ಬೇಕಾದರೂ ಓಡಿಸಬಹುದು

ಎರಡೂ ತಪ್ಪು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿಯ ಮೂಲ ರೂಪ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ, 10 ವರ್ಷದ ಅವಧಿ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕೆ ಅಲ್ಲ.

ಈಗ ಲೆಕ್ಕ ಹಾಕಿ. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಅಂದರೆ 2028ಕ್ಕೆ ಮೊದಲು ಯಾವ ರೋಡ್‌ಕಿಂಗೂ ಈ ನಿಯಮದಡಿ ವಿಂಟೇಜ್ ಆಗಲು ಸಾಧ್ಯವಿಲ್ಲ. ರಾಜದೂತ್ 350ಕ್ಕೆ 2033, ಆರ್‌ಎಕ್ಸ್ 100ಕ್ಕೆ 2035. 1960ರ ದಶಕದ ಜಾವಾ ಆದರೆ ಮಾತು ಬೇರೆ.

ಹೇಳಿಕೆ 4: ಆರ್‌ಸಿ ಹೆಸರು ನಿಧಾನಕ್ಕೆ ಬದಲಿಸಿಕೊಂಡರಾಯಿತು

ಇದು ಎಲ್ಲಕ್ಕಿಂತ ಅಪಾಯದ ಮಾತು. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದು. ನೀವು ಮಾರಿದ ಬೈಕು ಮೂರನೆಯವನ ಕೈಯಲ್ಲಿ ಯಾರಿಗಾದರೂ ಗುದ್ದಿದರೆ ನೋಟಿಸ್ ನಿಮ್ಮ ಮನೆಗೆ ಬರಬಹುದು. ಇನ್ಷೂರೆನ್ಸ್ ಇಲ್ಲದ ಗಾಡಿಯಾದರೆ ಆ ಹಣ ನಿಮ್ಮ ಕೈಯಿಂದಲೇ.

ಮಾರುವಾಗ ಫಾರಂ 29, 30ಕ್ಕೆ ಸಹಿ ಮಾಡಿ ಸುಮ್ಮನಾಗಬೇಡಿ, ಹೆಸರು ಬದಲಾದದ್ದನ್ನು ಖಚಿತ ಮಾಡಿಕೊಳ್ಳಿ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರ ಮೂಲಕ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಮಾರಾಟ. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಬೇಕೇ ಬೇಕು.

ಕೊಳ್ಳುವ ಮುನ್ನ ಏನೇನು ನೋಡಬೇಕು?

• ಛಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಯೊಂದಿಗೆ ಅಕ್ಷರ ಬಿಡದೆ ಹೊಂದಬೇಕು. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕಿಗಳು ಏರುಪೇರಾಗಿದ್ದರೆ, ಸುತ್ತ ಉಜ್ಜಿದ ಗುರುತು ಅಥವಾ ಹೊಸ ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ.
• ಆರ್‌ಸಿ ಫೋಟೊ ನಂಬಬೇಡಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಅಲ್ಲಿ ಮಾಹಿತಿ ಸಿಗದಿದ್ದರೆ ಆರ್‌ಟಿಒದಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ತರಲು ಮಾರುವವರಿಗೆ ಹೇಳಿ.
• ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಬೇರೆ ಬೇರೆ ಲಿವರ್ ಇದ್ದರೆ ಎಂಜಿನ್ ಬಗ್ಗೆ ಪ್ರಶ್ನೆ ಕೇಳಿ.
• "ಜಪಾನ್ ಎಂಜಿನ್" ಎಂಬ ಮಾತಿಗೆ ಹೆಚ್ಚು ಹಣ ಕೊಡಬೇಡಿ. ಆರ್‌ಎಕ್ಸ್ 100ರ ಆರಂಭದ ಗಾಡಿಗಳ ಬಿಡಿಭಾಗಗಳು ಜಪಾನಿನಿಂದ ಬಂದದ್ದು ನಿಜ, ಆದರೆ ಆಮೇಲಿನವು ಹಾಗಲ್ಲ. ಮಾತಿಗಿಂತ ತಯಾರಿಯ ವರ್ಷ, ನಂಬರ್ ಮುಖ್ಯ.
• ನಂಬಿಕೆಯ ಹಳೇ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಈ ಎಂಜಿನ್ ಬಿಚ್ಚಿ ಗೊತ್ತಿರುವವರು ಮೈಸೂರಿನಲ್ಲಿ ಈಗಲೂ ಸಿಗುತ್ತಾರೆ.

ಹಾಗಾದರೆ ಆ ಮಿಲಿಟರಿ ಗಾಡಿ?

ಸೈನಿಕರ ಹೆಸರು, ಸಮವಸ್ತ್ರದ ಫೋಟೊ, ಗುರುತಿನ ಚೀಟಿ ತೋರಿಸಿ ಅಡ್ವಾನ್ಸ್, ಸಾಗಾಟದ ಖರ್ಚು ಎಂದು ಹಣ ಕೇಳುವುದು ದೇಶದಾದ್ಯಂತ ನಡೆದಿರುವ ಹಳೇ ವಂಚನೆ. ಮಾರುವವರು ಗಾಡಿ ತೋರಿಸಲು ಒಪ್ಪುವುದಿಲ್ಲ, ಅವಸರ ಮಾಡುತ್ತಾರೆ. "ಹಣ ವಾಪಸ್ ಕಳಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಒಟ್ಟಿನಲ್ಲಿ: ಗಾಡಿಯನ್ನು ಕಣ್ಣಾರೆ ನೋಡದೆ, ನಂಬರ್ ಹೊಂದಿಸದೆ, ದಾಖಲೆ ಪರಿಶೀಲಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮುಂದಿನ ಸಲ ಇಂಥ ಜಾಹೀರಾತು ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು ಛಾಸಿಸ್ ನಂಬರಿನ ಫೋಟೊ ಕೇಳಿ, ಗಾಡಿ ನೋಡಲು ಎಲ್ಲಿಗೆ ಬರಬೇಕೆಂದು ವಿಚಾರಿಸಿ. ನಿಜವಾಗಿ ಗಾಡಿ ಇರುವವರು ವಿಳಾಸ ಹೇಳುತ್ತಾರೆ.