ಅರ್ಥಶಾಸ್ತ್ರದ ಪದವಿ ಪ್ರಬಂಧ

ಸ್ನಾತಕ ವಿದ್ಯಾರ್ಥಿ ಕೊನೆಯ ವರ್ಷದಲ್ಲಿ ಮಾರ್ಗದರ್ಶಕರ ನೆರವಿನಿಂದ ತಾನೇ ಪ್ರಶ್ನೆಯೊಂದನ್ನು ಆರಿಸಿ, ದತ್ತಾಂಶ ಕಲೆಹಾಕಿ, ವಿಶ್ಲೇಷಿಸಿ ಬರೆಯುವ ಸಂಶೋಧನಾ ಬರಹ. ಕಾಲೇಜುಗಳಲ್ಲಿ ಡಿಸರ್ಟೇಷನ್ ಎಂಬ ಹೆಸರೇ ರೂಢಿ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದು ಹಳೆಯ ಪದ್ಧತಿ. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಥವಾ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷ ಸಂಶೋಧನೆಯ ದಾರಿ ಹಿಡಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟು ಅವಕಾಶ ಕೊಟ್ಟಿತು. ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು 2021-22ರಲ್ಲಿ ತಂದು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಪದವಿಯ ಅವಧಿ ಎಷ್ಟೇ ಇರಲಿ, ಪ್ರಬಂಧದ ಗುಣವನ್ನು ನಿರ್ಧರಿಸುವುದು ಅದು ಆರಿಸಿಕೊಂಡ ಹೋಲಿಕೆ. ನಂಬಲರ್ಹ ಹೋಲಿಕೆ ಸಿಗುವಷ್ಟು ಪ್ರಶ್ನೆಯನ್ನು ಕಿರಿದಾಗಿಸುವುದೇ ಇಲ್ಲಿನ ಮುಖ್ಯ ಕೆಲಸ.

ಇದಕ್ಕೆ ಮಾದರಿಯಾಗಿ ನಿಲ್ಲುವುದು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಅಧ್ಯಯನ. ಕನಿಷ್ಠ ವೇತನ ಹೆಚ್ಚಿದರೆ ಉದ್ಯೋಗ ಕುಸಿಯುತ್ತದೆಯೇ ಎಂಬ ಹಳೆಯ, ವಿಶಾಲ ಪ್ರಶ್ನೆಯನ್ನು ಅವರು ಒಂದು ಗಡಿಯ ಎರಡು ಬದಿಗಳಿಗೆ ಇಳಿಸಿದರು. ಅಮೆರಿಕದ ನ್ಯೂ ಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಎರಡೂ ಕಡೆಯ 410 ಫಾಸ್ಟ್‌ಫುಡ್ ಉಪಾಹಾರಗೃಹಗಳನ್ನು ಏರಿಕೆಗೆ ಮುಂಚೆ ಮತ್ತು ಆಮೇಲೆ ಸಮೀಕ್ಷಿಸಿದಾಗ, ನ್ಯೂ ಜೆರ್ಸಿಯಲ್ಲಿ ಉದ್ಯೋಗ ಇಳಿದ ಗುರುತು ಕಾಣಲಿಲ್ಲ. ಇಲ್ಲಿ ಬಳಕೆಯಾದ ಗಣಿತ ಮುಖ್ಯವಾಗಿ ಕಳೆಯುವ ಲೆಕ್ಕ: ಒಂದು ಕಡೆಯ ಬದಲಾವಣೆಯಿಂದ ಇನ್ನೊಂದು ಕಡೆಯ ಬದಲಾವಣೆಯನ್ನು ಕಳೆಯುವುದು. ಪದವಿ ವಿದ್ಯಾರ್ಥಿಗೆ ಎಟುಕುವ ಈ ವಿಧಾನದ ಬಲವೆಲ್ಲ ನೆರೆರಾಜ್ಯದ ಆಯ್ಕೆಯಲ್ಲಿದೆ. ಕಾರ್ಡ್ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದುದರ ಹಿಂದೆ ಇಂಥ ಕೆಲಸವಿತ್ತು.

ಇದೇ ರೀತಿಯ ಆಲೋಚನೆಗೆ, ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಕರ್ನಾಟಕದ ಶಕ್ತಿ ಯೋಜನೆ ಒಳ್ಳೆಯ ವಸ್ತು. ‘ಉಚಿತ ಬಸ್ಸು ಮತ್ತು ಮಹಿಳಾ ಸಬಲೀಕರಣ’ ಎಂಬ ಶೀರ್ಷಿಕೆಯಡಿ ಏನನ್ನು ಬೇಕಾದರೂ ಹೇಳಬಹುದು, ಯಾವುದನ್ನೂ ಸಾಬೀತು ಮಾಡಲಾಗದು. ಯೋಜನೆಯಿಂದ ಮಹಿಳೆಯರ ಕೂಲಿ ಕೆಲಸ ಹೆಚ್ಚಿತೇ ಎಂದು ಕೇಳಿದೊಡನೆ ತೊಡಕುಗಳು ಕಣ್ಣಿಗೆ ಬೀಳುತ್ತವೆ. ಶಕ್ತಿ ಆರಂಭವಾದದ್ದು 2023ರ ಜೂನ್ 11ರಂದು. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಬಂದಿತು. ಹೀಗಾಗಿ ಮುಂಚೆ-ಆಮೇಲೆ ಎಂಬ ನೇರ ಹೋಲಿಕೆ ಎರಡರ ಪರಿಣಾಮವನ್ನೂ ಬೆರೆಸಿಬಿಡುತ್ತದೆ. ಗಡಿಯಾಚೆಗಿನ ತೆಲಂಗಾಣವೂ ಅದೇ ವರ್ಷದ ಡಿಸೆಂಬರಿನಲ್ಲಿ ಉಚಿತ ಪ್ರಯಾಣ ತಂದಿದ್ದರಿಂದ ಆ ಹೋಲಿಕೆಯೂ ಹೆಚ್ಚು ಕಾಲ ನಿಲ್ಲದು. ರಾಜ್ಯದೊಳಗೇ ಇನ್ನೊಂದು ದಾರಿಯಿದೆ: ಶಕ್ತಿ ಸರ್ಕಾರಿ ಬಸ್ಸಿಗೆ ಮಾತ್ರ ಅನ್ವಯ, ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಖಾಸಗಿ ಬಸ್ಸುಗಳದೇ ಮೇಲುಗೈ. ಗೃಹಲಕ್ಷ್ಮಿ ಎರಡೂ ಕಡೆ ಇರುವುದರಿಂದ, ಸರ್ಕಾರಿ ಬಸ್ಸು ದಟ್ಟವಾಗಿರುವ ಜಿಲ್ಲೆಗಳನ್ನು ಕರಾವಳಿಯೊಂದಿಗೆ ಹೋಲಿಸಬಹುದು. ಆದರೆ ಕರಾವಳಿಯ ಸಾಕ್ಷರತೆ, ಉದ್ಯೋಗಗಳ ಸ್ವರೂಪ ಬೇರೆ. ಯೋಜನೆಗೆ ಮುಂಚಿನ ವರ್ಷಗಳಲ್ಲಿ ಎರಡೂ ಕಡೆ ಮಹಿಳಾ ಉದ್ಯೋಗ ಒಂದೇ ಗತಿಯಲ್ಲಿ ಸಾಗಿತ್ತೆಂದು ತೋರಿಸದೆ ಮುಂದಕ್ಕೆ ಹೋಗುವಂತಿಲ್ಲ. 2017ರಲ್ಲಿ ಆರಂಭವಾದ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ ದತ್ತಾಂಶ ಉಚಿತವಾಗಿ ಸಿಕ್ಕರೂ, 2024ರವರೆಗೆ ಅದರ ಮಾದರಿಯನ್ನು ರೂಪಿಸಿದ್ದು ರಾಜ್ಯಮಟ್ಟದ ಅಂದಾಜಿಗೆ. ಜಿಲ್ಲೆಗೆ ಇಳಿದಷ್ಟೂ ಅಂಕಿಗಳು ಅಲುಗಾಡುತ್ತವೆ. ಇದನ್ನು ಪ್ರಬಂಧದಲ್ಲೇ ಹೇಳಬೇಕು.

ಇಷ್ಟು ಇಕ್ಕಟ್ಟಿನ ಪ್ರಶ್ನೆಗಳಿಗೆ ಅಂಟಿಕೊಂಡರೆ ಬಡತನ, ಅಸಮಾನತೆಗಳಂಥ ದೊಡ್ಡ ಸಂಗತಿಗಳು ಕೈತಪ್ಪುತ್ತವೆ ಎಂಬುದು ಗಂಭೀರ ಆಕ್ಷೇಪ. ಅದರಲ್ಲಿ ಸತ್ಯವಿದೆ: ಒಂದು ಗಡಿಯ ಫಲಿತಾಂಶ ಲೋಕಕ್ಕೆಲ್ಲ ಅನ್ವಯಿಸದು. ಆದರೂ ಕೆಲವೇ ತಿಂಗಳ ಅವಧಿಯಲ್ಲಿ ಬಡತನದ ಕಾರಣಗಳನ್ನೆಲ್ಲ ವಿವರಿಸಹೊರಟ ಪ್ರಬಂಧ ಹಿಂದಿನವರ ಮಾತುಗಳ ಸಾರಾಂಶವಾಗಿಯೇ ಉಳಿಯುತ್ತದೆ. ದೊಡ್ಡ ಸಂಗತಿಯ ಒಂದು ಕೊಂಡಿಯನ್ನು ಪರೀಕ್ಷಿಸಿದವರು ಅದರ ಬಗ್ಗೆ ಹೊಸದೇನನ್ನಾದರೂ ಹೇಳಬಲ್ಲರು. ಅಂಕಿಅಂಶಗಳಿಲ್ಲದ ಆರ್ಥಿಕ ಇತಿಹಾಸಕ್ಕೆ ಹೋಲಿಕೆಯ ಈ ಮಾತು ಸಲ್ಲದು ಎನ್ನುವವರೂ ಉಂಟು. ಅಲ್ಲಿಯೂ ಹೋಲಿಕೆಯೇ ಆಧಾರ: ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಇದ್ದಿಲು ಉರಿಸಿ ನಡೆಸಿದ ಕಬ್ಬಿಣದ ಕಾರ್ಖಾನೆಯ ಕಷ್ಟಗಳಿಗೆ ಸರ್ಕಾರಿ ಒಡೆತನ ಕಾರಣವೋ ಇಂಧನ ಕಾರಣವೋ ಎಂದು ತೂಗಲು, ಕಲ್ಲಿದ್ದಲಿನ ಸೀಮೆಗೆ ಹತ್ತಿರವಿದ್ದ ಟಾಟಾರ ಜಮ್‌ಶೆಡ್‌ಪುರವನ್ನು ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಸ್ವಂತಿಕೆ ಸ್ನಾತಕರಿಂದ ನಿರೀಕ್ಷಿಸುವಂಥದ್ದಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಕಾರ್ಡ್-ಕ್ರೂಗರ್ ಅಧ್ಯಯನದ ಮುಂದಿನ ಕಥೆಯೇ ಉತ್ತರ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ವೇತನಪಟ್ಟಿಗಳ ದಾಖಲೆ ಹಿಡಿದು ಅದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿ ವಿರುದ್ಧ ತೀರ್ಮಾನಕ್ಕೆ ಬಂದರು. 2000ದಲ್ಲಿ ಮೂಲ ಲೇಖಕರು ಸರ್ಕಾರಿ ಅಂಕಿಅಂಶಗಳೊಂದಿಗೆ ಉತ್ತರಿಸಿದರು. ಪ್ರಕಟವಾದ ಫಲಿತಾಂಶವನ್ನು ಬೇರೆ ದತ್ತಾಂಶದಲ್ಲಿ ಒರೆಗೆ ಹಚ್ಚುವುದೂ ಸ್ವಂತ ಕೆಲಸ, ಅದು ವಿದ್ಯಾರ್ಥಿಯ ಅಳವಿಗೆ ಮೀರಿದ್ದಲ್ಲ. ಪರಿಣಾಮ ಕಾಣಲಿಲ್ಲವೆಂಬ ಉತ್ತರವನ್ನು ಸೋಲೆಂದು ಬಗೆದು ಮುಚ್ಚಿಡುವ ಅಗತ್ಯವೂ ಇಲ್ಲ. ಕನಿಷ್ಠ ವೇತನದ ಚರ್ಚೆಯನ್ನು ತಿರುಗಿಸಿದ್ದು ಅಂಥದೇ ಒಂದು ಉತ್ತರ. ಪರೀಕ್ಷಕರು ಅಂಕ ಕೊಡಬೇಕಾದದ್ದು ತೀರ್ಮಾನದ ಅಬ್ಬರಕ್ಕಲ್ಲ, ಆ ತೀರ್ಮಾನ ಯಾವ ಊಹೆ ತಪ್ಪಿದರೆ ಕುಸಿಯುತ್ತದೆಂದು ಬರೆದವರೇ ಗುರುತಿಸಿ ತೋರಿಸಿದ ಪ್ರಾಮಾಣಿಕತೆಗೆ.