ಬೀದರ್ ಜಿಲ್ಲೆಯ ಕವಚ ಸೇನಾ ಪರಂಪರೆ

ಬೀದರ್ ಜಿಲ್ಲೆಯ ಸೇನಾ ಪರಂಪರೆಯು ಬೀದರ್ ಕೋಟೆಯ ತೋಪುಗಳಿಂದ ಮೊದಲ್ಗೊಂಡು, 1948ರ ಸೆಪ್ಟೆಂಬರ್ ತಿಂಗಳಿನಲ್ಲಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಹಾದುಹೋದ ಭಾರತೀಯ ಟ್ಯಾಂಕು ಪಡೆಯವರೆಗೆ ವ್ಯಾಪಿಸಿದೆ. ಉಕ್ಕಿನ ಕವಚ ಹೊದಿಸಿದ ವಾಹನಗಳ ಮೇಲೆ ಹೋರಾಡುವ ದಳವನ್ನು ಕವಚ ಸೇನೆ ಅಥವಾ ಆರ್ಮರ್ಡ್ ಕೋರ್ ಎನ್ನುತ್ತಾರೆ. ಹಿಂದಿನ ಕುದುರೆ ದಳಗಳೇ ಕಾಲಾಂತರದಲ್ಲಿ ಈ ರೂಪ ಪಡೆದವು.

ಕೋಟೆ ಮತ್ತು ತೋಪುಗಳು

ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿ, 1429–1432ರ ಅವಧಿಯಲ್ಲಿ ಇಲ್ಲಿನ ಕೋಟೆಯನ್ನು ಪುನರ್ನಿರ್ಮಿಸಿದನು. ಜಂಬಿಟ್ಟಿಗೆ ಬಂಡೆಯನ್ನು ಕಡಿದು ತೆಗೆದ ಮೂರು ಸಾಲಿನ ಕಂದಕ ಇದರ ವೈಶಿಷ್ಟ್ಯ. ಬುರುಜುಗಳ ಮೇಲೆ ಇಂದಿಗೂ ಉಳಿದಿರುವ ತೋಪುಗಳಲ್ಲಿ ಕೆಲವು ಎರಕ ಹೊಯ್ದವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಕಬ್ಬಿಣದ ಬಳೆಗಳನ್ನು ತೊಡಿಸಿ ಬಡಿದು ಬೆಸೆದವು. 1657ರಲ್ಲಿ ಔರಂಗಜೇಬನು ಕೋಟೆಯನ್ನು ಮುತ್ತಿದಾಗ ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಸಿದಿ ಮರ್ಜಾನ್ ಅದನ್ನು ಕಾಯುತ್ತಿದ್ದನು. ಬುರುಜಿನ ಬಳಿ ಇರಿಸಿದ್ದ ಮದ್ದುಗುಂಡಿನ ದಾಸ್ತಾನು ಸಿಡಿದು ಆತನು ಮಾರಣಾಂತಿಕವಾಗಿ ಗಾಯಗೊಂಡನು. 27 ದಿನಗಳ ಮುತ್ತಿಗೆಯ ತರುವಾಯ ಕೋಟೆಯೊಡನೆ 230 ತೋಪುಗಳು ಮೊಗಲರ ವಶವಾದವು.

1948ರ ಕಾರ್ಯಾಚರಣೆ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ನಡೆದ ಪೋಲೋ ಕಾರ್ಯಾಚರಣೆಯಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯೇ ಮುಖ್ಯ ಮಾರ್ಗ. ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ನೇತೃತ್ವದ ಒಂದನೆಯ ಆರ್ಮರ್ಡ್ ಡಿವಿಷನ್ ಸೆಪ್ಟೆಂಬರ್ 13ರಂದು ಗಡಿ ದಾಟಿತು. ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು ಒಡೆಯುವ ಮುನ್ನವೇ ಹಿಡಿದುದು ಈ ಯಾನದ ನಿರ್ಣಾಯಕ ಘಟನೆ. ಟ್ಯಾಂಕು ಎಷ್ಟೇ ಬಲಶಾಲಿಯಾದರೂ ಗಟ್ಟಿ ರಸ್ತೆ ಮತ್ತು ಸೇತುವೆಗಳಿಗೆ ಅಧೀನ. ಮಳೆಗಾಲದ ಎರೆಮಣ್ಣಿನಲ್ಲಿ ಅದು ಹೂತುಹೋಗುತ್ತದೆ. ಮಾಂಜ್ರಾ ನದಿಯ ಆಸುಪಾಸಿನ ಭಾಲ್ಕಿ, ಔರಾದ್ ಸೀಮೆಯ ಕಪ್ಪು ನೆಲವನ್ನು ಭಾದ್ರಪದದಲ್ಲಿ ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಎರಡೂ ಊರುಗಳು ಹೆದ್ದಾರಿಯ ಉತ್ತರಕ್ಕೆ ದೂರದಲ್ಲಿವೆ.

ಮೊದಲ ದಿನವೇ ಪಡೆಯು ಉಮರ್ಗಾ ತಲುಪಿತು. 14ರಂದು ದಾರಿಯ ಹೊಂಚು ನೆಲೆಗಳ ಮೇಲೆ ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿದ ಬಳಿಕ, ಇಂದಿನ ಬೀದರ್ ಜಿಲ್ಲೆಯಲ್ಲಿರುವ ರಾಜೇಶ್ವರ ಮಧ್ಯಾಹ್ನದ ಹೊತ್ತಿಗೆ ವಶವಾಯಿತು. 16ರಂದು ಜಹೀರಾಬಾದಿನತ್ತ ಸಾಗುವಾಗ ನೆಲಬಾಂಬುಗಳನ್ನು ತೆಗೆಯಲು ತಡವಾಯಿತು. ಬೀದರ್ ರಸ್ತೆ ಹೆದ್ದಾರಿಗೆ ಕೂಡುವಲ್ಲಿ ಗುಂಡಿನ ಎದುರಾಳಿತನ ಕಂಡುಬಂದಿತು. ಒಂದು ತುಕಡಿಯನ್ನು ಅಲ್ಲಿಯೇ ಬಿಟ್ಟು ಉಳಿದವರು ಮುನ್ನಡೆದರು. 17ರ ಬೆಳಗಿನ ಜಾವ ಸೇನೆ ಬೀದರ್ ನಗರವನ್ನು ಪ್ರವೇಶಿಸಿತು. ಅದೇ ದಿನ ನಿಜಾಮರು ಕದನವಿರಾಮ ಘೋಷಿಸಿದರು. ಟ್ಯಾಂಕು, ವಿಮಾನಗಳು ಪಾಲ್ಗೊಂಡ ಈ ದಂಡಯಾತ್ರೆಯನ್ನು 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯುವ ರೂಢಿ ಪಠ್ಯಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ. ಪದ ನಡೆದುದಕ್ಕಿಂತ ಚಿಕ್ಕದು.

ಜನಜೀವನದ ಮೇಲಿನ ಪರಿಣಾಮ

ಕಾರ್ಯಾಚರಣೆಗೆ ನಾಲ್ಕು ತಿಂಗಳ ಹಿಂದೆ, 1948ರ ಮೇ ತಿಂಗಳಿನಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಅಲ್ಲಿ ಹುತಾತ್ಮರ ಸ್ಮಾರಕವಿದೆ. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅನಂತರ ಮುಸ್ಲಿಮರ ಮೇಲೆ ವ್ಯಾಪಕ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿಯು ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿ, ಅತ್ಯಂತ ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಈ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಪಡೆಗಳು ಹೋದ ದಾರಿಯನ್ನಷ್ಟೇ ಬರೆದು ಈ ಎರಡು ಸಂಗತಿಗಳಲ್ಲಿ ಒಂದನ್ನು ಬಿಟ್ಟರೂ ಜಿಲ್ಲೆಯ ಇತಿಹಾಸ ಅಪೂರ್ಣವಾಗುತ್ತದೆ.

ಡೆಕ್ಕನ್ ಹಾರ್ಸ್

ಬೀದರ್ ಸೇರಿದ್ದ ನಿಜಾಮರ ರಾಜ್ಯಕ್ಕೂ ಇಂದಿನ ಕವಚ ಸೇನೆಗೂ ಇನ್ನೊಂದು ನಂಟಿದೆ. 1790ರಲ್ಲಿ ನಿಜಾಮರ ಸೇವೆಗಾಗಿ ಕಟ್ಟಿದ ಕುದುರೆ ದಳವೇ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಮೂಲ. 1965ರ ಯುದ್ಧದಲ್ಲಿ ಇದು ಹಳೆಯ ಷರ್ಮನ್ ಟ್ಯಾಂಕುಗಳೊಂದಿಗೆ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿತು. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದವರು ಅದೇ ಜೆ. ಎನ್. ಚೌಧುರಿ.

ವಸ್ತುಸಂಗ್ರಹಾಲಯಗಳು

ಬೀದರ್ ಕೋಟೆಯೊಳಗಿನ ಹಳೆಯ ಶಾಹಿ ಹಮಾಮಿನಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ತೋಪುಗಳನ್ನು ನೋಡಲು ಮಾತ್ರ ಬುರುಜುಗಳನ್ನೇ ಹತ್ತಬೇಕು. ಟ್ಯಾಂಕುಗಳಿಗೇ ಮೀಸಲಾದ ಸಂಗ್ರಹವಿರುವುದು ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ). ಬಹಮನಿ ಪಡೆಗಳನ್ನು ಸೋಲಿಸಿದ ಮಲಿಕ್ ಅಹಮದ್ ಸ್ಥಾಪಿಸಿದ ಊರದು. ಆರ್ಮರ್ಡ್ ಕೋರ್ ತರಬೇತಿ ಕೇಂದ್ರದ ಆಶ್ರಯದಲ್ಲಿ 1994ರ ಫೆಬ್ರುವರಿಯಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ ರೋಲ್ಸ್ ರಾಯ್ಸ್ ಕವಚ ಕಾರು, ಷರ್ಮನ್, ಸೆಂಚುರಿಯನ್, ಆವಡಿಯಲ್ಲಿ ತಯಾರಾದ ವಿಜಯಂತ ಹಾಗೂ ಯುದ್ಧದಲ್ಲಿ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕುಗಳಿವೆ. ಕರ್ನಾಟಕದಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿಯೂ ಒಂದು ಟ್ಯಾಂಕನ್ನು ಪ್ರದರ್ಶನಕ್ಕೆ ಇರಿಸಲಾಗಿದೆ.